ರಟ್ಟು ಕಟ್ಟುವ ಹುಡುಗ ವಿಜ್ಞಾನಿಯಾದ ಬಗೆ

ಬಡತನ ಕಲಿಕೆಗೆ ಅಡ್ಡಿಯಾಗಲೇಬೇಕೆಂದಿಲ್ಲ ಎಂಬುದಕ್ಕೆ ಮೈಕೆಲ್ ಫ್ಯಾರಡೆಯ ಬಾಳೇ ಸಾಕ್ಷಿ. ಅವನು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಳಿಯ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಕಮ್ಮಾರ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕ ಮೈಕೆಲನ ಪಾಲಿಗೆ ವಾರಕ್ಕೆ ಒಂದೇ ಬ್ರೆಡ್ಡು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಕೂಡುವ ಕಳೆಯುವ ಲೆಕ್ಕ, ಅಷ್ಟೇ.

13ನೆಯ ವಯಸ್ಸಿಗೆ ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿ ಸೇರಿದ. ಮರುವರ್ಷದಿಂದ ಏಳು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತ. ಹೊಲಿಯಲು ಬಂದ ಪುಸ್ತಕಗಳನ್ನೇ ಬಿಡುವಿನಲ್ಲಿ ಓದಿದ. ವಿಶ್ವಕೋಶದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬಾಕೆಯ ರಸಾಯನಶಾಸ್ತ್ರದ ಪುಸ್ತಕವೂ ಅವನ ಗುರುಗಳಾದುವು. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೇಟಿನಿಂದ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿದ. ಟಿಪ್ಪಣಿ ಬರೆದು, ತಾನೇ ರಟ್ಟು ಹಾಕಿ, ಡೇವಿಗೆ ಕಳುಹಿಸಿದ. 1813ರ ಮಾರ್ಚ್ 1ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿ ನೇಮಕಗೊಂಡ.

1831ರಲ್ಲಿ ಕಾಂತದಿಂದ ವಿದ್ಯುತ್ ಪಡೆದದ್ದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಅವನು ವಿದ್ಯುದ್ವಿಭಜನೆಯ ಕಡೆ ತಿರುಗಿದ. ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ತೋಯಿಸಿದ ಕಾಗದಕ್ಕೆ ಪ್ಲಾಟಿನಂ ತಂತಿಯ ತುದಿಗಳನ್ನು ತಾಗಿಸಿದರೆ, ಧನ ತುದಿ ತಾಗಿದಲ್ಲಿ ಮಾತ್ರ ಅಯೋಡಿನ್ನಿನ ಕಂದು ಕಲೆ ಮೂಡುತ್ತಿತ್ತು. ಹರಿದ ವಿದ್ಯುತ್ತು ಎಷ್ಟೋ, ಹೊರಬೀಳುವ ವಸ್ತುವೂ ಅಷ್ಟೇ ಎಂಬ ನಿಯಮವನ್ನು 1833–34ರಲ್ಲಿ ಸಾರಿದ. ಒಂದು ಆಂಪಿಯರ್ ವಿದ್ಯುತ್ತು 965 ಸೆಕೆಂಡು ಹರಿದರೆ ಸುಮಾರು 1.08 ಗ್ರಾಂ ಬೆಳ್ಳಿ ಕೂರುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕಂಡದ್ದನ್ನು ಹೇಳಲು ಅವನಿಗೆ ಮಾತುಗಳಿರಲಿಲ್ಲ. ಸಂಕೋಚಪಡದೆ ವಿಲಿಯಂ ಹ್ಯೂಯೆಲ್ ಎಂಬ ವಿದ್ವಾಂಸನ ನೆರವು ಕೇಳಿದ. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಗ್ರೀಕ್ ಮೂಲದಿಂದ ಹಾಗೆ ಹುಟ್ಟಿದುವು.

ಆ ನಿಯಮ ಇಂದಿಗೂ ದುಡಿಯುತ್ತಿದೆ. ಮಾವಿನ ಗಿಡಕ್ಕೆ ಕಸಿ ಕಟ್ಟುವಂತೆ, ಇಂಗಾಲದ ಅಥವಾ ಲೋಹದ ಮೈಗೆ ಅಣುಗಳನ್ನೇ ಕಸಿ ಮಾಡುವ ವಿದ್ಯೆ ಬೆಳೆದಿದೆ. 1992ರಲ್ಲಿ ಫ್ರಾನ್ಸಿನ ರಸಾಯನಜ್ಞರು ಡಯಜೋನಿಯಂ ಲವಣದ ದ್ರಾವಣದಲ್ಲಿ ಇಂಗಾಲವನ್ನಿಟ್ಟು ವಿದ್ಯುತ್ತು ಹರಿಸಿದರು. ಲವಣದಿಂದ ಸಾರಜನಕ ಕಳಚಿಹೋಗಿ, ಉಳಿದ ಭಾಗ ಇಂಗಾಲಕ್ಕೆ ಗಟ್ಟಿಯಾಗಿ ಬೆಸೆದುಕೊಂಡಿತು. ಕೂದಲಿಗಿಂತ ಸಪೂರ ತುದಿಯನ್ನು ಮೈಯ ಸಮೀಪ ನಡೆಸಿದರೆ ಬೇಕಾದಲ್ಲಿ ಮಾತ್ರ ಅಣುಗಳ ಚಿತ್ತಾರ ಬಿಡಿಸಬಹುದು. ಒದ್ದೆ ಕಾಗದದ ಕಂದು ಕಲೆಯಲ್ಲೂ ಇದೇ ತತ್ವವಿತ್ತಲ್ಲವೆ?

ಫ್ಯಾರಡೆ ಸರ್ ಪದವಿಯನ್ನು ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನೂ ಒಲ್ಲೆನೆಂದ. ಆದರೆ ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ ಕೊಡುವುದನ್ನು 1860ರವರೆಗೂ ಬಿಡಲಿಲ್ಲ. 1867ರ ಆಗಸ್ಟ್ 25ರಂದು ತೀರಿಕೊಂಡ.

ನಮ್ಮ ಮನೆಗಳಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವಾಗ, ವಿಜ್ಞಾನ ಕೈತಪ್ಪೀತೇ ಎಂಬ ಅಳುಕು ಸಹಜ. ಹೊಸ ಮಾತು ಬೇಕಾದಾಗ ಫ್ಯಾರಡೆ ಕೂಡ ಕೇಳಿ ಕಲಿತ. ಆದರೆ ಅದಕ್ಕೆ ಮೊದಲು ಕಣ್ಣಾರೆ ನೋಡಿ, ಕೈಯಾರೆ ಮಾಡಿ, ತನ್ನ ಮಾತಿನಲ್ಲೇ ಅರ್ಥ ಮಾಡಿಕೊಂಡಿದ್ದ. ನಮ್ಮ ಮಕ್ಕಳಿಗೂ ಅದೇ ದಾರಿ.