ಹೈನ್‌ರಿಕ್ ಹರ್ಟ್ಸ್

ಹೈನ್‌ರಿಕ್ ರುಡಾಲ್ಫ್ ಹರ್ಟ್ಸ್ (ಫೆಬ್ರವರಿ ೨೨, ೧೮೫೭ – ಜನವರಿ ೧, ೧೮೯೪) ಜರ್ಮನಿಯ ಭೌತವಿಜ್ಞಾನಿ. ವಿದ್ಯುತ್ಕಾಂತೀಯ ಅಲೆಗಳು ಇವೆ ಎಂಬುದನ್ನು ಪ್ರಯೋಗದ ಮೂಲಕ ನಿಸ್ಸಂಶಯವಾಗಿ ತೋರಿಸಿಕೊಟ್ಟವರಲ್ಲಿ ಮೊದಲಿಗರು. ಆವೃತ್ತಿಯನ್ನು, ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಆವರ್ತನೆಗಳ ಸಂಖ್ಯೆಯನ್ನು, ಅಳೆಯುವ ಅಂತಾರಾಷ್ಟ್ರೀಯ ಮಾನಕ್ಕೆ ಅವರ ಹೆಸರನ್ನು ಇಡಲಾಗಿದೆ. ಮನೆಯ ಗಣಕಯಂತ್ರದಲ್ಲಿ ಪ್ರೊಸೆಸರ್ ಮತ್ತು ಮೆಮೊರಿಯ ವೇಗವನ್ನು ಸೂಚಿಸುವ ಮೆಗಾಹರ್ಟ್ಸ್, ಗಿಗಾಹರ್ಟ್ಸ್ ಎಂಬ ಪದಗಳು ಈ ಹೆಸರಿನಿಂದಲೇ ಬಂದಿವೆ.

ಜನನ ಮತ್ತು ಶಿಕ್ಷಣ

ಹರ್ಟ್ಸ್ ಹ್ಯಾಂಬರ್ಗ್ ನಗರದಲ್ಲಿ ಜನಿಸಿದರು. ತಂದೆ ಗುಸ್ತಾವ್ ಫರ್ಡಿನೆಂಡ್ ಹರ್ಟ್ಸ್ ನ್ಯಾಯವಾದಿಗಳಾಗಿದ್ದು, ಮುಂದೆ ನಗರದ ಸೆನೆಟರ್ ಆದರು. ತಾಯಿ ಅನ್ನಾ ಎಲಿಸಬೆತ್ ವೈದ್ಯರೊಬ್ಬರ ಮಗಳು. ತಂದೆಯ ಮನೆತನ ಮೂಲತಃ ಯಹೂದಿಯಾಗಿದ್ದು, ಕ್ರೈಸ್ತ ಮತವನ್ನು ಸ್ವೀಕರಿಸಿತ್ತು. ಬಾಲಕ ಹೈನ್‌ರಿಕ್‌ನಿಗೆ ಭಾಷೆಗಳಲ್ಲಿ ವಿಶೇಷ ಒಲವಿತ್ತು; ಅರಬ್ಬೀ ಭಾಷೆಯನ್ನೂ ಕಲಿತನು. ಜೊತೆಗೆ ಮರಗೆಲಸದಲ್ಲಿ ಕೈ ಪಳಗಿತ್ತು. ಮುಂದೆ ತನ್ನ ಉಪಕರಣಗಳನ್ನು ತಾನೇ ಸಿದ್ಧಪಡಿಸಿಕೊಳ್ಳಲು ಈ ಕುಶಲತೆ ನೆರವಾಯಿತು.

ಮೊದಲು ಎಂಜಿನಿಯರ್ ಆಗಬೇಕೆಂದುಕೊಂಡಿದ್ದ ಹರ್ಟ್ಸ್, ಮ್ಯೂನಿಕ್‌ನಲ್ಲಿದ್ದಾಗ ಭೌತವಿಜ್ಞಾನದತ್ತ ತಿರುಗಿದರು. ೧೮೭೮ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವನ್ನು ಸೇರಿ ಹೆಲ್ಮ್‌ಹೋಲ್ಟ್ಸ್ ಮತ್ತು ಕಿರ್ಚಾಫ್ ಅವರ ಶಿಷ್ಯರಾದರು. ೧೮೮೦ರಲ್ಲಿ ಡಾಕ್ಟರೇಟ್ ಪದವಿ ಪಡೆದು, ೧೮೮೩ರವರೆಗೆ ಹೆಲ್ಮ್‌ಹೋಲ್ಟ್ಸ್ ಅವರ ಸಹಾಯಕರಾಗಿದ್ದರು. ಮ್ಯಾಕ್ಸ್‌ವೆಲ್ ಸಿದ್ಧಾಂತಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಬರ್ಲಿನ್ ಅಕಾಡೆಮಿ ೧೮೭೯ರಲ್ಲಿ ಬಹುಮಾನಕ್ಕಾಗಿ ಮುಂದಿಟ್ಟಾಗ, ಗುರುಗಳು ಹರ್ಟ್ಸ್ ಅವರ ಗಮನವನ್ನು ಅದರತ್ತ ಸೆಳೆದರು. ಸಾಕಷ್ಟು ಶೀಘ್ರವಾದ ವಿದ್ಯುತ್ ಕಂಪನಗಳನ್ನು ಉಂಟುಮಾಡುವ ದಾರಿ ಆಗ ಕಾಣದಿದ್ದುದರಿಂದ ಹರ್ಟ್ಸ್ ಆ ಕೆಲಸವನ್ನು ಕೈಬಿಟ್ಟರು.

ಕಾರ್ಲ್ಸ್‌ರೂಹೆಯ ಪ್ರಯೋಗಗಳು

ಕೀಲ್‌ನಲ್ಲಿ ಎರಡು ವರ್ಷ ಬೋಧಿಸಿದ ಬಳಿಕ, ೧೮೮೫ರಲ್ಲಿ ಹರ್ಟ್ಸ್ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಎಲಿಸಬೆತ್ ಡಾಲ್ ಅವರನ್ನು ವಿವಾಹವಾದರು. ಅದೇ ವರ್ಷ, ಪ್ರಯೋಗಶಾಲೆಯಲ್ಲಿದ್ದ ಎರಡು ತಂತಿ ಸುರುಳಿಗಳ ಪೈಕಿ ಒಂದರಲ್ಲಿ ಕಿಡಿ ಹಾರಿದಾಗ ಇನ್ನೊಂದರಲ್ಲಿಯೂ ಸಣ್ಣ ಕಿಡಿ ಕಾಣಿಸಿಕೊಂಡಿತು. ಕೈಬಿಟ್ಟಿದ್ದ ಪ್ರಶ್ನೆಗೆ ದಾರಿ ದೊರೆಯಿತು.

ಪ್ರೇರಣ ಸುರುಳಿಯಿಂದ ಕಿಡಿ ಹಾರಿಸಿ ಅಲೆಗಳನ್ನು ಉಂಟುಮಾಡಿ, ಸಣ್ಣ ಬಿರುಕು ಬಿಟ್ಟಿದ್ದ ತಂತಿಯ ಬಳೆಯಿಂದ ಅವರು ಅವುಗಳನ್ನು ಗುರುತಿಸಿದರು. ಬಳೆಯ ಬಿರುಕಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ಕ್ಷೀಣವಾದ ಕಿಡಿಯನ್ನು ಕತ್ತಲೆಯಲ್ಲಿ ಕಣ್ಣಿಟ್ಟು ನೋಡಬೇಕಾಗಿತ್ತು. ಗೋಡೆಗೆ ಹೊಡೆಸಿದ ಸತುವಿನ ತಗಡಿನಿಂದ ಅಲೆಗಳು ಹಿಂದಿರುಗಿದಾಗ, ಕೆಲವು ಜಾಗಗಳಲ್ಲಿ ಕಿಡಿ ಪ್ರಬಲವಾಗಿಯೂ ಕೆಲವೆಡೆ ಇಲ್ಲವಾಗಿಯೂ ತೋರಿತು. ಆ ಜಾಗಗಳ ನಡುವಣ ದೂರವನ್ನು ಅಳೆದು ಒಂದು ಅಲೆಯ ಉದ್ದವನ್ನು, ಅಂದರೆ ತರಂಗದೂರವನ್ನು, ಕಂಡುಕೊಂಡರು.

ಆದರೆ ವೇಗವನ್ನು ತಿಳಿಯಲು ತರಂಗದೂರವೊಂದೇ ಸಾಲದು. ಅದನ್ನು ಆವೃತ್ತಿಯಿಂದ ಗುಣಿಸಬೇಕು. ಆವೃತ್ತಿಯನ್ನು ಎಣಿಸಬಲ್ಲ ಉಪಕರಣ ಅವರ ಬಳಿ ಇರಲಿಲ್ಲವಾದ್ದರಿಂದ ಅದನ್ನು ಲೆಕ್ಕದಿಂದಲೇ ಪಡೆಯಬೇಕಾಯಿತು. ಆರಂಭದ ಲೆಕ್ಕದಲ್ಲಿ ಒಂದು ತಪ್ಪು ನುಸುಳಿತ್ತು. ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ಅದನ್ನು ಗುರುತಿಸಿದರು. ಹರ್ಟ್ಸ್ ತಮ್ಮ ಪ್ರಬಂಧಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸುವಾಗ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡರು.

೧೮೮೮ರ ಕೊನೆಯ ವೇಳೆಗೆ ಸುಮಾರು ೬೬ ಸೆಂಟಿಮೀಟರ್ ಉದ್ದದ ಅಲೆಗಳನ್ನು ಬಳಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವನ ಹೊಂದುತ್ತವೆ, ಧ್ರುವೀಕರಣಗೊಳ್ಳುತ್ತವೆ ಎಂದು ತೋರಿಸಿದರು. ಇಂದಿನ ಮಾನದಲ್ಲಿ ಆ ಅಲೆಗಳ ಆವೃತ್ತಿ ಸುಮಾರು ೪೫೦ ಮೆಗಾಹರ್ಟ್ಸ್. ಇದೇ ಅವಧಿಯಲ್ಲಿ, ಅತಿನೇರಳೆ ಬೆಳಕು ಬಿದ್ದಾಗ ಕಿಡಿ ಸುಲಭವಾಗಿ ಹಾರುವುದನ್ನು ೧೮೮೭ರಲ್ಲಿ ಗಮನಿಸಿದರು. ಮುಂದೆ ಇದು ದ್ಯುತಿವಿದ್ಯುತ್ ಪರಿಣಾಮವೆಂದು ಪ್ರಸಿದ್ಧವಾಯಿತು.

ಕೊನೆಯ ವರ್ಷಗಳು

೧೮೮೯ರಲ್ಲಿ ಹರ್ಟ್ಸ್ ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ ಲಭಿಸಿತು. ೧೮೯೨ರಿಂದ ತೀವ್ರ ಅನಾರೋಗ್ಯ ಕಾಡಿತು. ಶಸ್ತ್ರಚಿಕಿತ್ಸೆಗಳಿಂದ ಗುಣ ಕಾಣಲಿಲ್ಲ. ೧೮೯೪ರ ಜನವರಿ ೧ರಂದು, ತಮ್ಮ ೩೬ನೆಯ ವಯಸ್ಸಿನಲ್ಲಿ ಬಾನ್‌ನಲ್ಲಿ ನಿಧನರಾದರು. ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಅಗಲಿದರು. ಯಂತ್ರಶಾಸ್ತ್ರದ ತತ್ತ್ವಗಳನ್ನು ಕುರಿತ ಅವರ ಗ್ರಂಥ ಮರಣಾನಂತರ ಪ್ರಕಟವಾಯಿತು. ತಮ್ಮ ಅಲೆಗಳು ಸಂದೇಶವನ್ನು ಹೊತ್ತು ಸಾಗುವುದನ್ನು ನೋಡಲು ಅವರು ಉಳಿಯಲಿಲ್ಲ.

ನಾಟ್ಸಿಗಳ ಆಳ್ವಿಕೆಯಲ್ಲಿ, ಯಹೂದಿ ಮೂಲದ ಕಾರಣಕ್ಕಾಗಿ ಹ್ಯಾಂಬರ್ಗ್ ನಗರಭವನದಲ್ಲಿದ್ದ ಅವರ ಭಾವಚಿತ್ರವನ್ನು ತೆಗೆಯಲಾಯಿತು. ಪತ್ನಿ ಮತ್ತು ಹೆಣ್ಣುಮಕ್ಕಳು ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಹೋದರು.

ಮಾನವಾಗಿ ಹರ್ಟ್ಸ್

ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ೧೯೩೦ರಲ್ಲಿ ಆವೃತ್ತಿಯ ಮಾನಕ್ಕೆ ಹರ್ಟ್ಸ್ ಎಂಬ ಹೆಸರನ್ನು ನೀಡಿತು. ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ೧೯೬೦ರಲ್ಲಿ ಇದನ್ನು ಅಂಗೀಕರಿಸಿತು. ಸೆಕೆಂಡಿಗೆ ಒಂದು ಆವರ್ತನೆಯಾದರೆ ಒಂದು ಹರ್ಟ್ಸ್. ಹತ್ತು ಲಕ್ಷವಾದರೆ ಮೆಗಾಹರ್ಟ್ಸ್. ನೂರು ಕೋಟಿಯಾದರೆ ಗಿಗಾಹರ್ಟ್ಸ್.

ಗಣಕಯಂತ್ರದಲ್ಲಿ ಹರ್ಟ್ಸ್ ಸಂಖ್ಯೆ

ಪ್ರೊಸೆಸರಿನ ಒಳಗೆ ಏರಿಳಿಯುವ ಗಡಿಯಾರ ಸಂಕೇತವೊಂದು ಕೆಲಸದ ಹೆಜ್ಜೆಗಳನ್ನು ನಿಯಂತ್ರಿಸುತ್ತದೆ. ತೆರೆಯ ಮೇಲೆ ೩.೬ ಗಿಗಾಹರ್ಟ್ಸ್ ಎಂದಿದ್ದರೆ ಆ ಸಂಕೇತ ಸೆಕೆಂಡಿಗೆ ೩೬೦ ಕೋಟಿ ಬಾರಿ ಆವರ್ತಿಸುತ್ತಿದೆ ಎಂದರ್ಥ. ಸಾಮಾನ್ಯವಾಗಿ ೧೦೦ ಮೆಗಾಹರ್ಟ್ಸ್ ಮೂಲ ಸಂಕೇತವನ್ನು ಗುಣಕವೊಂದರಿಂದ ಹೆಚ್ಚಿಸಿ ಇದನ್ನು ಪಡೆಯಲಾಗುತ್ತದೆ. ಇಲ್ಲಿ ಗುಣಕ ೩೬. ಕೆಲಸ ಕಡಿಮೆಯಿದ್ದಾಗ ವಿದ್ಯುತ್ ಉಳಿಸಲು ಗುಣಕ ತಾನಾಗಿಯೇ ಇಳಿಯುತ್ತದೆ, ಹೊರೆ ಬಂದಾಗ ಏರುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಮುದ್ರಿಸಿದುದಕ್ಕಿಂತ ಕಡಿಮೆ ಸಂಖ್ಯೆ ಕಂಡಮಾತ್ರಕ್ಕೆ ಅದು ದೋಷವಲ್ಲ.

ಮೆಮೊರಿಯ ವಿಷಯದಲ್ಲಿ ಗೊಂದಲ ಹೆಚ್ಚು. ಡಿಡಿಆರ್ ಬಗೆಯ ಮೆಮೊರಿ ಪ್ರತಿ ಆವರ್ತನೆಯಲ್ಲಿ ಎರಡು ಬಾರಿ, ಸಂಕೇತ ಏರುವಾಗಲೂ ಇಳಿಯುವಾಗಲೂ, ದತ್ತಾಂಶವನ್ನು ಸಾಗಿಸುತ್ತದೆ. ಡಿಡಿಆರ್೪-೩೨೦೦ ಎಂಬ ಮೆಮೊರಿಯ ಗಡಿಯಾರ ೧೬೦೦ ಮೆಗಾಹರ್ಟ್ಸ್. ಸಾಗಣೆಗಳು ಸೆಕೆಂಡಿಗೆ ೩೨೦ ಕೋಟಿ. ಒಂದು ತಂತ್ರಾಂಶ ೧೬೦೦ ಎಂದೂ ಇನ್ನೊಂದು ೩೨೦೦ ಎಂದೂ ತೋರಿಸಿದರೆ ಎರಡೂ ಸರಿ; ಮೊದಲನೆಯದು ಆವರ್ತನೆಗಳನ್ನು ಎಣಿಸಿದೆ, ಎರಡನೆಯದು ಸಾಗಣೆಗಳನ್ನು. ಎರಡನೆಯ ಸಂಖ್ಯೆಯ ಮುಂದೆಯೂ ಮೆಗಾಹರ್ಟ್ಸ್ ಎಂದು ಬರೆಯುವುದು ರೂಢಿಯಲ್ಲಿದ್ದರೂ ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಹರ್ಟ್ಸ್ ಅಲ್ಲ.

ಕೇಳಿದ ದತ್ತಾಂಶ ದೊರೆಯಲು ಮೆಮೊರಿ ಕೆಲವು ಆವರ್ತನೆಗಳ ಕಾಲ ತೆಗೆದುಕೊಳ್ಳುತ್ತದೆ. ೧೬೦೦ ಮೆಗಾಹರ್ಟ್ಸ್ ಗಡಿಯಾರದ ೧೬ ಆವರ್ತನೆಗಳೆಂದರೆ ೧೦ ನ್ಯಾನೊಸೆಕೆಂಡು, ಅಷ್ಟರಲ್ಲಿ ೩.೬ ಗಿಗಾಹರ್ಟ್ಸ್ ಪ್ರೊಸೆಸರಿನ ೩೬ ಆವರ್ತನೆಗಳು ಮುಗಿದಿರುತ್ತವೆ. ಒಂದು ಆವರ್ತನೆಯಲ್ಲಿ ಎಷ್ಟು ಕೆಲಸ ನಡೆಯುತ್ತದೆ ಎಂಬುದೂ ಪ್ರೊಸೆಸರಿನ ರಚನೆಯನ್ನು ಅವಲಂಬಿಸಿದೆ. ಹೀಗಾಗಿ ಒಂದೇ ಗಿಗಾಹರ್ಟ್ಸ್ ತೋರಿಸುವ ಎರಡು ಯಂತ್ರಗಳು ಸಮಾನ ವೇಗದವಾಗಿರಬೇಕಿಲ್ಲ. ಕಾರ್ಲ್ಸ್‌ರೂಹೆಯಲ್ಲಿ ಅಲೆಯ ಉದ್ದ ತಿಳಿಯದೆ ಆವೃತ್ತಿಯೊಂದರಿಂದಲೇ ವೇಗ ದೊರೆಯುತ್ತಿರಲಿಲ್ಲ. ಗಣಕಯಂತ್ರದಲ್ಲಿಯೂ ಹರ್ಟ್ಸ್ ಸಂಖ್ಯೆ ವೇಗದ ಒಂದು ಭಾಗವನ್ನು ಮಾತ್ರ ತಿಳಿಸುತ್ತದೆ.