ಕಡಲ ದಂಡೆಯಲ್ಲಿ ಕಲಾವಿದರ ಊರು ಕಟ್ಟಿದವರಲ್ಲಿ ಒಬ್ಬರು: ಅರ್ನವಾಜ್ ವಾಸುದೇವ್

ವಕ್ಕಲೇರಿ: ಕೋಲಾರದ ಟೊಮೆಟೊ ಲೋಡ್ ಮುಳಬಾಗಿಲು ದಾಟಿ ಚೆನ್ನೈಗೆ ಹೋಗೋದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದೇ ಚೆನ್ನೈನ ಹೊರಗೆ, ಮಹಾಬಲಿಪುರಕ್ಕೆ ಹೋಗುವ ಕಡಲ ದಂಡೆಯ ರಸ್ತೆಯಲ್ಲಿ ಇಂಜಂಬಾಕ್ಕಂ ಅಂತ ಒಂದು ಜಾಗ ಇದೆ. ಅಲ್ಲಿ ಚಿತ್ರ ಬರೆಯುವವರು, ಶಿಲ್ಪ ಮಾಡುವವರು ಸೇರಿಕೊಂಡು ತಮ್ಮ ಕೈದುಡಿಮೆಯಿಂದಲೇ ಒಂದು ಊರು ಕಟ್ಟಿದರು. ಹೆಸರು ಚೋಳಮಂಡಲ. ಆ ಊರಿನ ಮೊದಲ ತಲೆಮಾರಿನಲ್ಲಿ ಇದ್ದ ಕೆಲವೇ ಹೆಣ್ಣುಮಕ್ಕಳಲ್ಲಿ ಅರ್ನವಾಜ್ ವಾಸುದೇವ್ ಒಬ್ಬರು.

ಅರ್ನವಾಜ್ ಹುಟ್ಟಿದ್ದು 1945ರಲ್ಲಿ, ಮುಂಬೈನ ಪಾರ್ಸಿ ಮನೆಯಲ್ಲಿ. ಚಿತ್ರಕಲೆ ಕಲಿತದ್ದು ಮದ್ರಾಸಿನ ಸರ್ಕಾರಿ ಕಲಾ ಕಾಲೇಜಿನಲ್ಲಿ. ಆಗ ಅಲ್ಲಿ ಪ್ರಿನ್ಸಿಪಾಲ್ ಆಗಿದ್ದವರು ದೊಡ್ಡ ಚಿತ್ರಗಾರ ಕೆ.ಸಿ.ಎಸ್. ಪಣಿಕ್ಕರ್. ಮೈಸೂರಿನಿಂದ ಹೋಗಿದ್ದ ಎಸ್.ಜಿ. ವಾಸುದೇವ್ ಕೂಡ ಅದೇ ಕಾಲೇಜಿನ ವಿದ್ಯಾರ್ಥಿ. ಮುಂದೆ ಅರ್ನವಾಜ್ ಅವರನ್ನೇ ಮದುವೆಯಾಗಿ ಕನ್ನಡದ ಮನೆಯ ಸೊಸೆಯಾದರು.

ಪಣಿಕ್ಕರ್‌ಗೆ ಒಂದು ಚಿಂತೆ ಕಾಡ್ತಾ ಇತ್ತು. ಕಾಲೇಜು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿದು ಕುಂಚ ಕೆಳಗಿಡ್ತಾ ಇದ್ದರು. ಚಿತ್ರ ಕೊಳ್ಳುವವರು ಆಗ ಬೆರಳೆಣಿಕೆ. ಅದಕ್ಕೆ ಅವರು ಕಂಡುಕೊಂಡ ದಾರಿ ವ್ಯಾಪಾರಸ್ಥರಿಗೂ ಹಿಡಿಸುವಂಥದ್ದು. ಜನ ಯಾವುದನ್ನು ಕೊಳ್ಳುತ್ತಾರೋ ಅದನ್ನು ಮೊದಲು ಮಾಡಿ ಮಾರೋದು, ಆ ದುಡ್ಡಿನಲ್ಲಿ ಬದುಕಿಕೊಂಡು ಉಳಿದ ಹೊತ್ತಿನಲ್ಲಿ ತಮ್ಮ ಮನಸ್ಸಿನ ಚಿತ್ರ ಬರೆಯೋದು. ಕಲಾವಿದರದ್ದೇ ಒಂದು ಕರಕುಶಲ ಸಂಘ ಆಯಿತು. ಬಟ್ಟೆಗೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಬಾಟಿಕ್ ಕೆಲಸ ಚೆನ್ನಾಗಿ ಮಾರಾಟವಾಯಿತು. ಬಂದ ಹಣದಲ್ಲಿ 1966ರಲ್ಲಿ ಕಡಲ ಹತ್ತಿರ ಜಮೀನು ಕೊಂಡರು. ಯಾವ ಶ್ರೀಮಂತರ ದಾನಕ್ಕೂ ಕಾಯಲಿಲ್ಲ.

ಇವತ್ತು ಆ ರಸ್ತೆಯಲ್ಲಿ ಜಾಗದ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಆಗ ಅದು ಬರೀ ಮರಳು, ಸರ್ವೆ ತೋಪು. ಊರಿಂದ ದೂರ, ಅನುಕೂಲ ಕಮ್ಮಿ. ಓದಿಕೊಂಡ ಹೆಣ್ಣುಮಗಳೊಬ್ಬಳು ಮುಂಬೈ, ಮದ್ರಾಸ್ ಬಿಟ್ಟು ಅಂಥ ಜಾಗದಲ್ಲಿ ಸಂಸಾರ ಹೂಡಿ ಚಿತ್ರ ಬರೀತೀನಿ ಅನ್ನೋದು ಆ ಕಾಲಕ್ಕೆ ಸಣ್ಣ ಮಾತಲ್ಲ. ಶಿಲ್ಪಿ ಅನಿಲಾ ಜೇಕಬ್ ಥರದ ಒಬ್ಬಿಬ್ಬರನ್ನು ಬಿಟ್ಟರೆ ಅಲ್ಲಿ ಕೆಲಸಕ್ಕೆ ಕೂತವರು ಹೆಚ್ಚಾಗಿ ಗಂಡಸರೇ. ಅರ್ನವಾಜ್ ಅಲ್ಲಿ ಕಲಾವಿದನ ಹೆಂಡತಿ ಅಂತ ಮಾತ್ರ ಉಳಿಯಲಿಲ್ಲ, ತಾವೇ ಕಲಾವಿದೆಯಾಗಿ ನಿಂತರು. ಮದ್ರಾಸ್ ಕಡೆಯ ಕಲಾವಿದರು ಗೆರೆಗೆ ಕೊಟ್ಟ ಮಹತ್ವ ಅವರ ಕೆಲಸದಲ್ಲೂ ಕಾಣುತ್ತೆ.

ಆ ಮನೆಗೆ ಕನ್ನಡದ ನಂಟು ಗಟ್ಟಿಯಾಗಿತ್ತು. 1970ರಲ್ಲಿ ಬಂದ ಸಂಸ್ಕಾರ ಸಿನಿಮಾಕ್ಕೆ ಕಲಾ ನಿರ್ದೇಶನ ಮಾಡಿದ್ದು ವಾಸುದೇವ್. ಅದರಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ್ ಕಾರ್ನಾಡರೂ ಆ ದಿನಗಳಲ್ಲಿ ಮದ್ರಾಸಿನಲ್ಲಿ ಕೆಲಸದಲ್ಲಿದ್ದವರು.

1977ರಲ್ಲಿ ಪಣಿಕ್ಕರ್ ತೀರಿಕೊಂಡರು. ಗುರು ಹೋದ ಮೇಲೂ ಊರು ಚದುರಲಿಲ್ಲ. ಸಂಘದವರೇ ನಡೆಸಿಕೊಂಡು ಬಂದರು, ಇವತ್ತಿಗೂ ಅಲ್ಲಿ ಕಲಾವಿದರು ಇದ್ದಾರೆ, ಚಿತ್ರಗಳ ಗ್ಯಾಲರಿ ಇದೆ. ಆದರೆ ಅರ್ನವಾಜ್ ಆಯಸ್ಸು ದೊಡ್ಡದಿರಲಿಲ್ಲ. ಕ್ಯಾನ್ಸರ್ ಬಂದು 1988ರಲ್ಲಿ ಹೋಗಿಬಿಟ್ಟರು. ಇನ್ನೂ 50 ದಾಟಿರಲಿಲ್ಲ.

ವಾಸುದೇವ್ ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರು. ಹೆಂಡತಿ ಹೆಸರಿನಲ್ಲಿ ಅರ್ನವಾಜ್ ವಾಸುದೇವ್ ಚಾರಿಟೀಸ್ ಅನ್ನೋ ಟ್ರಸ್ಟ್ ನಡೆಸಿ, ಚಿತ್ರಕಲೆ ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದರು.

ಚಿತ್ರ ಬರೆದರೆ ಅನ್ನ ಹುಟ್ಟುತ್ತಾ ಅನ್ನೋ ಪ್ರಶ್ನೆ ನಮ್ಮ ತಾಲ್ಲೂಕಿನ ಮನೆಗಳಲ್ಲೂ ಇದೆ. ಕೈ ಚೆನ್ನಾಗಿರುವ ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹತ್ತನೇ ಕ್ಲಾಸಿಗೇ ಬಣ್ಣದ ಡಬ್ಬಿ ಮುಚ್ಚಿಡ್ತಾರೆ. ಚೋಳಮಂಡಲದವರು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬಾಟಿಕ್ ಮಾರಿ ಅನ್ನ ಹುಟ್ಟಿಸಿಕೊಂಡರು, ಆಮೇಲೆ ಚಿತ್ರ ಬರೆದರು. ಅರ್ನವಾಜ್ ಬದುಕಿದ್ದು ಹಾಗೆ, ಅವರ ಹೆಸರು ಈಗಲೂ ಯಾವುದೋ ವಿದ್ಯಾರ್ಥಿಯ ಫೀಸಿಗೆ, ಬಣ್ಣಕ್ಕೆ ಆಸರೆಯಾಗಿದೆ.