ಬೀದಿಯ ಮಕ್ಕಳಿಗೆ ಮನೆ ಕಟ್ಟಲು ಹೊರಟ ಸಿಲ್ವಿಯಾ ರಿವೇರಾ

ಮಂಗಳೂರು-ಕಾಸರಗೋಡು ರೈಲಿನಲ್ಲಿ ದಿನಾ ಹೋಗಿ ಬರುವವರಿಗೆ ಮಂಗಳಮುಖಿಯರ ಚಪ್ಪಾಳೆ ಹೊಸತಲ್ಲ. ಕೆಲವರು ಜೇಬಿಗೆ ಕೈ ಹಾಕುತ್ತಾರೆ, ಹೆಚ್ಚಿನವರು ಕಿಟಕಿ ಕಡೆಗೆ ಮುಖ ತಿರುಗಿಸುತ್ತಾರೆ. 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಮರುವರ್ಷ ಕೇರಳ ಸರಕಾರ ದೇಶದಲ್ಲೇ ಮೊದಲಾಗಿ ಇವರಿಗೆಂದು ಒಂದು ನೀತಿ ಪ್ರಕಟಿಸಿತು. ಆ ಬಳಿಕ ನಮ್ಮ ಗಡಿನಾಡಿನಲ್ಲೂ ಈ ವಿಷಯ ಸ್ವಲ್ಪ ಮಾತಿಗೆ ಬರತೊಡಗಿತು. ಇದಕ್ಕೂ 45 ವರ್ಷ ಮೊದಲೇ ದೂರದ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಇದೇ ಹಕ್ಕು ಕೇಳಿದ ಒಬ್ಬಾಕೆಯ ಕತೆ ಇಲ್ಲಿದೆ.

ಸಿಲ್ವಿಯಾ ರಿವೇರಾ ಹುಟ್ಟಿದ್ದು 1951ರ ಜುಲೈ 2ರಂದು, ನ್ಯೂಯಾರ್ಕಿನಲ್ಲಿ. ಹುಟ್ಟುವಾಗ ಗಂಡು ಮಗು. ತಂದೆ ಪೋರ್ಟೊರಿಕೊ ಮೂಲದವ, ತಾಯಿ ವೆನೆಜುವೆಲಾದವಳು. ತಂದೆ ಮನೆ ಬಿಟ್ಟು ಹೋದ. ಮಗುವಿಗೆ ಮೂರು ವರ್ಷ ಆಗುವಾಗ ತಾಯಿ ವಿಷ ಕುಡಿದು ಸತ್ತಳು. ಸಾಕಿದ್ದು ಅಜ್ಜಿ. ಶಾಲೆಗೆ ಹೋಗುವ ಹುಡುಗ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದು ಅಜ್ಜಿಗೆ ಸಹಿಸಲಿಲ್ಲ. ನೆರೆಕರೆಯವರ ಮಾತು ಬೇರೆ. ಹನ್ನೊಂದರ ಆಸುಪಾಸಿನಲ್ಲಿ ಹುಡುಗ ಮನೆ ಬಿಟ್ಟು ನಗರದ 42ನೇ ಬೀದಿ ಸೇರಿದ. ನಮ್ಮಲ್ಲಾದರೆ ಐದನೇ ಕ್ಲಾಸು ಮುಗಿಸಿ ಆರಕ್ಕೆ ಹೋಗುವ ಪ್ರಾಯ.

ಆ ಬೀದಿಯಲ್ಲಿ ಹೊಟ್ಟೆಪಾಡಿಗೆ ಇದ್ದದ್ದು ಮೈ ಮಾರುವ ದಾರಿ ಒಂದೇ. ಹೆಣ್ಣುಡುಗೆ ತೊಡುತ್ತಿದ್ದ ಅಲ್ಲಿನ ಹಿರಿಯರು ಈ ಮಗುವನ್ನು ತಮ್ಮ ಜತೆ ಸೇರಿಸಿಕೊಂಡರು, ಸಿಲ್ವಿಯಾ ಎಂಬ ಹೆಸರೂ ಅವರ ನಡುವೆಯೇ ಸಿಕ್ಕಿತು. ಅಲ್ಲೇ ಮಾರ್ಷಾ ಪಿ. ಜಾನ್ಸನ್ ಪರಿಚಯ ಆದದ್ದು. ಮಾರ್ಷಾ ಕಪ್ಪು ಜನಾಂಗದವಳು, ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿನಿಂದ ಬಂದವಳು, ಸಿಲ್ವಿಯಾಳಿಗಿಂತ ಆರು ವರ್ಷಕ್ಕೆ ದೊಡ್ಡವಳು. ತಲೆಗೆ ಹೂ ಮುಡಿದು ತಿರುಗುತ್ತಿದ್ದ ಈಕೆ ಸಿಲ್ವಿಯಾಳಿಗೆ ಅಕ್ಕನೂ ಹೌದು, ತಾಯಿಯೂ ಹೌದು.

ಆಗಿನ ನ್ಯೂಯಾರ್ಕ್ ಈಗಿನದ್ದಲ್ಲ. ವೇಷ ಮರೆಸಿಕೊಂಡು ತಿರುಗಬಾರದು ಎಂಬ 1845ರ ಹಳೇ ಕಾನೂನೊಂದನ್ನು ಹಿಡಿದು ಪೊಲೀಸರು ಹೆಣ್ಣುಡುಗೆ ತೊಟ್ಟವರನ್ನು ಎಳೆದೊಯ್ಯುತ್ತಿದ್ದರು. ಸಲಿಂಗಿಗಳು ಸೇರುವ ಬಾರುಗಳ ಮೇಲೆ ದಾಳಿ ಮಾಮೂಲು. 1969ರ ಜೂನ್ 28ರ ನಸುಕಿನಲ್ಲಿ ಕ್ರಿಸ್ಟೋಫರ್ ಸ್ಟ್ರೀಟಿನ ಸ್ಟೋನ್‌ವಾಲ್ ಇನ್ ಎಂಬ ಬಾರಿಗೆ ಪೊಲೀಸರು ನುಗ್ಗಿದಾಗ ಮಾತ್ರ ಜನ ಓಡಲಿಲ್ಲ, ತಿರುಗಿ ನಿಂತರು. ಗಲಾಟೆ ಹಲವು ರಾತ್ರಿ ನಡೆಯಿತು. ಇಂದು ಲೋಕದ ಬೇರೆ ಬೇರೆ ಕಡೆ ಜೂನ್ ತಿಂಗಳಲ್ಲಿ ನಡೆಯುವ ಹೆಮ್ಮೆಯ ಮೆರವಣಿಗೆಗಳಿಗೆ ಮೂಲ ಇದೇ. ಮೊದಲ ರಾತ್ರಿ ತಾನೂ ಅಲ್ಲಿದ್ದೆ ಎಂದು ಸಿಲ್ವಿಯಾ ಮುಂದೆ ಹೇಳಿಕೊಂಡದ್ದುಂಟು. ಇತಿಹಾಸ ಬರೆದವರಲ್ಲಿ ಈ ಬಗ್ಗೆ ಒಮ್ಮತ ಇಲ್ಲ. ಇದ್ದಳೋ ಇಲ್ಲವೋ, ಆಕೆಯ ದೊಡ್ಡ ಕೆಲಸ ಶುರುವಾದದ್ದು ಆ ಮೇಲೆಯೇ.

ಸಲಿಂಗಿಗಳಿಗೆ ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡಬಾರದು ಎಂಬ ಮಸೂದೆಯೊಂದು ನಗರಸಭೆಗೆ ಬರುವುದಿತ್ತು. ಗೇ ಆ್ಯಕ್ಟಿವಿಸ್ಟ್ಸ್ ಅಲಯನ್ಸ್ ಎಂಬ ಸಂಘಟನೆ ಅದಕ್ಕಾಗಿ ಸಹಿ ಸಂಗ್ರಹ ಮಾಡುತ್ತಿತ್ತು. ಓದು ಬರಹ ಕಲಿತ ಮಧ್ಯಮ ವರ್ಗದವರೆಲ್ಲ ಸುರಕ್ಷಿತ ಜಾಗ ಹುಡುಕಿದರೆ, ಸಿಲ್ವಿಯಾ ಕಾಗದ ಹಿಡಿದು ನಿಂತದ್ದು ತಾನು ಬೆಳೆದ 42ನೇ ಬೀದಿಯಲ್ಲೇ. 1970ರ ಏಪ್ರಿಲಿನಲ್ಲಿ ಅದಕ್ಕಾಗಿಯೇ ಪೊಲೀಸರು ಹಿಡಿದರು. ಮತ್ತೊಮ್ಮೆ ಮುಚ್ಚಿದ ಬಾಗಿಲ ಹಿಂದೆ ಮಸೂದೆಯ ಚರ್ಚೆ ನಡೆಯುವಾಗ, ಉದ್ದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡೇ ಸಿಟಿ ಹಾಲಿನ ಗೋಡೆ ಹತ್ತಿ ಒಳಗೆ ಹೋಗಲು ನೋಡಿದಳಂತೆ! ಅಲ್ಲಿನವರು ಇದನ್ನು ಈಗಲೂ ನಗುತ್ತಾ ನೆನೆಯುತ್ತಾರೆ.

ಅದೇ 1970ರಲ್ಲಿ ಸಿಲ್ವಿಯಾ ಮತ್ತು ಮಾರ್ಷಾ ಸೇರಿ ‘ಸ್ಟಾರ್’ ಎಂಬ ಸಂಘಟನೆ ಕಟ್ಟಿದರು. ಬೀದಿಯಲ್ಲಿ ಬದುಕುವ, ಹೆಣ್ಣುಡುಗೆ ತೊಡುವವರ ಕ್ರಾಂತಿಕಾರಿ ಕೂಟ ಎಂದು ಅದರ ಅರ್ಥ. ಹೆಸರು ದೊಡ್ಡದು, ಕೈಯಲ್ಲಿ ಕಾಸಿಲ್ಲ. ಮನೆಯಿಂದ ಹೊರದಬ್ಬಲ್ಪಟ್ಟ ಹುಡುಗ ಹುಡುಗಿಯರಿಗೆ ಮಲಗಲು ಜಾಗ ಬೇಕಿತ್ತು. ಮೊದಲಿಗೆ ಸಿಕ್ಕಿದ್ದು ನಿಲುಗಡೆ ಜಾಗದಲ್ಲಿ ಬಿಟ್ಟು ಹೋದ ಒಂದು ಲಾರಿಯ ಟ್ರೇಲರು. ಯಾರಿಗೂ ಬೇಡದ್ದು ಅಂತ ಅದರೊಳಗೆ ಸಂಸಾರ ಹೂಡಿದರು. ಒಂದು ಬೆಳಿಗ್ಗೆ ತಿಂಡಿ ಹಿಡಿದುಕೊಂಡು ಬಂದು ನೋಡಿದರೆ, ಮಕ್ಕಳು ಒಳಗಿರುವಂತೆಯೇ ಟ್ರೇಲರು ಹೊರಟಾಗಿತ್ತು!

ಬಳಿಕ ಈಸ್ಟ್ ಸೆಕೆಂಡ್ ಸ್ಟ್ರೀಟಿನ 213ನೇ ನಂಬರಿನ ಹಳೇ ಕಟ್ಟಡದಲ್ಲಿ ಮನೆ ಹಿಡಿದರು. ಸೋರುವುದು, ಮುರಿದದ್ದು ಎಲ್ಲ ತಾವೇ ರಿಪೇರಿ ಮಾಡಿಕೊಂಡರು. ಮಕ್ಕಳು ಬೀದಿಗೆ ಇಳಿಯಬಾರದು ಎಂದು ಬಾಡಿಗೆಗೂ ಊಟಕ್ಕೂ ಸಿಲ್ವಿಯಾ, ಮಾರ್ಷಾ ಇಬ್ಬರೇ ರಾತ್ರಿ ಬೀದಿಗೆ ಇಳಿಯುತ್ತಿದ್ದರು. ಆಗ ಸಿಲ್ವಿಯಾಳಿಗೆ ಬರೇ ಹತ್ತೊಂಬತ್ತು ವರ್ಷ. ಇದನ್ನು ಸಮಾಜಸೇವೆ ಎನ್ನಬೇಕೋ ಏನೆನ್ನಬೇಕೋ, ಓದುಗರೇ ಹೇಳಿ. 1971ರಲ್ಲಿ ಆ ಮನೆಯಿಂದಲೂ ಹೊರಹಾಕಿದರು.

ಪೊಲೀಸರು ಹೊಡೆದದ್ದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ತನ್ನವರೇ. 1973ರ ಜೂನಿನಲ್ಲಿ ಸ್ಟೋನ್‌ವಾಲ್ ನೆನಪಿನ ಮೆರವಣಿಗೆ ಮುಗಿದು ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಸಭೆ ಸೇರಿತ್ತು. ಹೆಣ್ಣುಡುಗೆ ತೊಡುವವರು ಹೆಣ್ಣನ್ನು ಗೇಲಿ ಮಾಡುತ್ತಾರೆ ಎಂಬುದು ಕೆಲವು ಸ್ತ್ರೀವಾದಿಗಳ ಆಕ್ಷೇಪ. ಇಂಥವರು ಜತೆಗಿದ್ದರೆ ಮಸೂದೆ ಪಾಸಾಗಲಿಕ್ಕಿಲ್ಲ ಎಂಬುದು ಬೇರೆ ಕೆಲವರ ಲೆಕ್ಕಾಚಾರ. ಸಿಲ್ವಿಯಾಳಿಗೆ ಮೈಕು ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಜಗಳಾಡಿಯೇ ವೇದಿಕೆ ಹತ್ತಿದಳು. ಜೈಲಿನಲ್ಲಿ ಪೆಟ್ಟು ತಿನ್ನುತ್ತಿರುವ, ಅತ್ಯಾಚಾರಕ್ಕೆ ಒಳಗಾದ ನಮ್ಮವರನ್ನು ನೀವು ಮರೆತಿರಿ ಎಂದು ಕೂಗಿದಳು. ಕೆಳಗಿನಿಂದ ಛೀಮಾರಿ. ಈ ದೃಶ್ಯದ ಚಿತ್ರೀಕರಣ ಇಂದಿಗೂ ಉಳಿದಿದೆ, ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಮಾರಾಯ್ರೆ. ಆ ದಿನ ಆಕೆ ಜೀವ ಕಳಕೊಳ್ಳಲು ನೋಡಿದಳು, ಉಳಿಸಿದ್ದು ಮಾರ್ಷಾ. ಅಂದು ಎದುರು ನಿಂತಿದ್ದ ಜೀನ್ ಒ'ಲಿಯರಿ ಎಂಬಾಕೆ ಬಹಳ ವರ್ಷಗಳ ಬಳಿಕ ತನ್ನ ನಿಲುವಿಗೆ ಪಶ್ಚಾತ್ತಾಪ ಪಟ್ಟದ್ದುಂಟು.

ಸಿಲ್ವಿಯಾ ನಗರವನ್ನೇ ಬಿಟ್ಟಳು. ಹಡ್ಸನ್ ನದಿಯ ದಂಡೆಯ ಟ್ಯಾರಿಟೌನ್ ಎಂಬ ಸಣ್ಣ ಪೇಟೆಯಲ್ಲಿ ಅಡುಗೆ, ಊಟ ಬಡಿಸುವ ಕೆಲಸ ಮಾಡಿಕೊಂಡು ಸುಮ್ಮನಾದಳು. ಆಕೆ ಸಹಿ ಸಂಗ್ರಹಿಸಿದ್ದ ಮಸೂದೆ 1986ರಲ್ಲಿ ಅಂತೂ ಪಾಸಾಯಿತು. ಆದರೆ ಅದರಲ್ಲಿ ಸಿಲ್ವಿಯಾಳಂಥವರಿಗೆ ರಕ್ಷಣೆ ಇರಲಿಲ್ಲ.

1992ರ ಜುಲೈಯಲ್ಲಿ ಮಾರ್ಷಾಳ ಶವ ಹಡ್ಸನ್ ನದಿಯಲ್ಲಿ ತೇಲಿತು. ಆತ್ಮಹತ್ಯೆ ಎಂದು ಪೊಲೀಸರು ಕಡತ ಮುಚ್ಚಿದರು, ಗೆಳೆಯರು ಒಪ್ಪಲಿಲ್ಲ. 2012ರಲ್ಲಿ ಆ ಕಡತವನ್ನು ಮತ್ತೆ ತೆರೆಯಲಾಯಿತು. ಮಾರ್ಷಾ ಹೋದ ಮೇಲೆ ಸಿಲ್ವಿಯಾ ಕುಸಿದಳು. ಕುಡಿತ ವಿಪರೀತವಾಯಿತು. ನಗರಕ್ಕೆ ಮರಳಿ, ಅದೇ ನದಿಯ ಪಾಳುಬಿದ್ದ ದಕ್ಕೆಯ ಮೇಲೆ ಸೂರಿಲ್ಲದವರ ಜತೆ ಬದುಕಿದಳು.

ಅಲ್ಲಿಂದ ಎದ್ದು ಬಂದದ್ದೇ ಆಶ್ಚರ್ಯ. 1990ರ ದಶಕದ ಕೊನೆಗೆ ಬ್ರೂಕ್ಲಿನ್‌ನ ‘ಟ್ರಾನ್ಸಿ ಹೌಸ್’ ಎಂಬ ಆಶ್ರಯ ಮನೆ ಸೇರಿದಳು. ಸ್ಟಾರ್ ಮನೆಯ ಕನಸನ್ನೇ ಬೇರೆಯವರು ಮುಂದುವರಿಸಿದ ಮನೆ ಅದು. ಕುಡಿತ ಬಿಟ್ಟಳು. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚಿನಲ್ಲಿ ಹಸಿದವರಿಗೆ ಆಹಾರ ಹಂಚುವ ಕೆಲಸ ಹಿಡಿದಳು. 2000ದ ಜೂನಿನಲ್ಲಿ ಅಮಾಂಡಾ ಮಿಲನ್ ಎಂಬ ಮಂಗಳಮುಖಿಯನ್ನು ಬಸ್ ನಿಲ್ದಾಣದ ಹತ್ತಿರ ಜನರ ಎದುರೇ ಕೊಂದಾಗ, ಸಿಲ್ವಿಯಾ ಮತ್ತೆ ಬೀದಿಗಿಳಿದಳು. ಮರುವರ್ಷ ಸ್ಟಾರ್ ಸಂಘಟನೆಗೆ ಪುನಃ ಜೀವ ಬಂತು.

ಯಕೃತ್ತಿನ ಕ್ಯಾನ್ಸರ್ ಅಷ್ಟರಲ್ಲಿ ಹಿಡಿದಿತ್ತು. ರಾಜ್ಯ ಮಟ್ಟದಲ್ಲಿ ಇನ್ನೊಂದು ಮಸೂದೆ ಬರುವುದಿತ್ತು, ಅದರಲ್ಲೂ ತನ್ನವರನ್ನು ಬಿಟ್ಟಿದ್ದಾರೆ ಎಂದು ಸಿಲ್ವಿಯಾಳಿಗೆ ಗೊತ್ತಿತ್ತು. ಮಸೂದೆಯ ಹಿಂದಿದ್ದ ಸಂಘಟನೆಯ ಮುಖಂಡರನ್ನು ಆಸ್ಪತ್ರೆಯ ಹಾಸಿಗೆ ಬಳಿಗೇ ಕರೆಸಿ ವಾದಿಸಿದಳು. 2002ರ ಫೆಬ್ರವರಿ 19ರಂದು, ಐವತ್ತರ ಪ್ರಾಯದಲ್ಲಿ ತೀರಿಹೋದಳು.

ಎರಡೇ ತಿಂಗಳಲ್ಲಿ ನ್ಯೂಯಾರ್ಕ್ ನಗರ ತನ್ನ ಕಾನೂನು ತಿದ್ದಿ ಲಿಂಗ ಅಸ್ಮಿತೆಗೂ ರಕ್ಷಣೆ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ರಾಜ್ಯದ ಮಸೂದೆ ಪಾಸಾಯಿತು, ಆಕೆ ಹೆದರಿದ ಹಾಗೆ ತೃತೀಯ ಲಿಂಗಿಗಳನ್ನು ಹೊರಗಿಟ್ಟೇ. ಅವರನ್ನು ಒಳಗೆ ಸೇರಿಸಲು ರಾಜ್ಯಕ್ಕೆ 2019ರ ತನಕ ಬೇಕಾಯಿತು.

2005ರಲ್ಲಿ ಸ್ಟೋನ್‌ವಾಲ್ ಬಾರಿಗೆ ಹತ್ತಿರದ, ಕ್ರಿಸ್ಟೋಫರ್ ಮತ್ತು ಹಡ್ಸನ್ ಸ್ಟ್ರೀಟುಗಳು ಸೇರುವ ಮೂಲೆಗೆ ಸಿಲ್ವಿಯಾಳ ಹೆಸರಿಟ್ಟರು. ಬಡ ತೃತೀಯ ಲಿಂಗಿಗಳಿಗೆ ಹಣ ಪಡೆಯದೆ ಕಾನೂನು ನೆರವು ಕೊಡುವ ಸಂಸ್ಥೆಗೂ, ಆ ಚರ್ಚಿನವರು ಮನೆಯಿಲ್ಲದ ಎಳೆಯರಿಗಾಗಿ ತೆರೆದ ರಾತ್ರಿ ಆಶ್ರಯಕ್ಕೂ ಆಕೆಯದೇ ಹೆಸರು.